ಸಾಂಬಾರು ಬಾರದ ಭೋಜ

ಅಮೆರಿಕದ ಬೇ ಏರಿಯಾದ ಕನ್ನಡಿಗರಲ್ಲಿ ಭೋಜ ತಿಂಗಳಾಯನಿಗೆ ದೊಡ್ಡ ಹೆಸರು. ಯುಗಾದಿಯಿರಲಿ, ಗಣೇಶನ ಹಬ್ಬವಿರಲಿ, ರಾಜ್ಯೋತ್ಸವವಿರಲಿ, ಯಾರದೋ ಮಗುವಿನ ಮೊದಲ ಹುಟ್ಟುಹಬ್ಬವೇ ಇರಲಿ, ಯಾರು ಏನು ಅಡುಗೆ ತರಬೇಕೆಂದು ಪಟ್ಟಿ ಬರೆಯಲು ಕೂತವರು ಮೊದಲು ಬರೆಯುತ್ತಿದ್ದ ಸಾಲು ಒಂದೇ: ‘ಸಾಂಬಾರು, ಭೋಜಣ್ಣ’. ಚಿತ್ರಾನ್ನಕ್ಕೆ ಜಗಳಗಳಾಗಿವೆ. ಪಾಯಸದ ವಿಷಯದಲ್ಲಿ ಎರಡು ಮನೆಯವರು ಒಂದು ವರ್ಷ ಮಾತು ಬಿಟ್ಟಿದ್ದರು. ಸಾಂಬಾರಿನ ಬಗ್ಗೆ ಮಾತ್ರ ಇಪ್ಪತ್ತು ವರ್ಷಗಳಲ್ಲಿ ಯಾರೂ ತುಟಿಪಿಟಕ್ಕೆಂದಿಲ್ಲ. ಉಡುಪಿಯವರು ಮಾಡಿದ ಸಾಂಬಾರಿಗೆ ಎದುರಾಡುವ ಧೈರ್ಯ ಯಾರಿಗಿದೆ?

ಈ ಭೋಜನಿಗೆ ಸಾಂಬಾರು ಮಾಡಲು ಬರುವುದಿಲ್ಲ. ಇದು ಅವನಿಗೆ, ಅವನ ಹೆಂಡತಿ ಜಲಜಾಳಿಗೆ, ಹದಿನಾರರ ಮಗಳು ಸುರಕ್ಷಾಳಿಗೆ ಮತ್ತು ಸನ್ನಿವೇಲಿನ ಹೋಟೆಲೊಂದರ ಕೌಂಟರಿನವನಿಗೆ ಮಾತ್ರ ಗೊತ್ತಿದ್ದ ಸಂಗತಿ. ಹಬ್ಬದ ದಿನ ಬೆಳಿಗ್ಗೆ ಭೋಜ ಸನ್ನಿವೇಲಿಗೆ ಹೋಗಿ ಸಾಂಬಾರು ತರುತ್ತಿದ್ದ. ಫಾಸ್ಟರ್ ಸಿಟಿಯ ಮನೆಯಲ್ಲಿ ಅದನ್ನು ದೊಡ್ಡ ಸ್ಟೀಲಿನ ಪಾತ್ರೆಗೆ ಸುರಿದು, ಜಲಜಾ ಕುಂಡದ ಕರಿಬೇವು ಕಿತ್ತು, ಇಂಗು ಸಾಸಿವೆಯ ಒಗ್ಗರಣೆ ಕೊಡುತ್ತಿದ್ದಳು. ಮನೆಯದು ಅನ್ನಿಸಬೇಕಲ್ಲ! ಮುಚ್ಚಳ ತೆಗೆದೊಡನೆ ಜನ ಮೂಗರಳಿಸಿ, “ಅಬ್ಬಾ, ಇದು ನೋಡಿ ಉಡುಪಿ ಕೈ!” ಎನ್ನುತ್ತಿದ್ದರು. ಭೋಜ ನೆಲ ನೋಡಿ ನಗುತ್ತಿದ್ದ. ಆ ನಗುವಿಗೆ ಜನ ವಿನಯ ಎಂದು ಹೆಸರಿಟ್ಟಿದ್ದರು.

ಇದೆಲ್ಲ ಶುರುವಾದದ್ದು ಒಂದು ಸಲ ತಲೆ ಅಲ್ಲಾಡಿಸಿದ್ದರಿಂದ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಈ ದೇಶಕ್ಕೆ ಬಂದ ಮೊದಲ ವಾರ, ಇಂಡಿಯನ್ ಗ್ರಾಸರಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಎತ್ತರದ ಆಳೊಬ್ಬರು ಅಕ್ಕಿಮೂಟೆಯ ಮೇಲಿನಿಂದ ಬಗ್ಗಿ, “ಯಾವ ಊರ್ರೀ ನಿಮ್ದು?” ಎಂದು ಕೇಳಿದರು. ಗದಗಿನ ವಿರುಪಾಕ್ಷಪ್ಪನವರು. ಡ್ಯಾನ್‌ವಿಲ್‌ನಲ್ಲಿ ಮನೆ ಮಾಡಿ ಆಗಲೇ ಹತ್ತು ವರ್ಷವಾಗಿತ್ತು. ಭೋಜನ ಊರು ಹೆಜಮಾಡಿ. ಶಾಂಭವಿ ನದಿ ಕಡಲು ಸೇರುವ ಕಡೆ, ಮೊಗವೀರರ ಮನೆ. ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಬಲೆ ಹಿಡಿದವರೇ. ಹೆಜಮಾಡಿ ಎಂದರೆ ಇವರಿಗೆ ಎಲ್ಲಿ ಗೊತ್ತಾಗಬೇಕು ಎಂದುಕೊಂಡು ಭೋಜ, “ಉಡುಪಿ” ಎಂದ.

“ಅಬಬಬ, ಉಡುಪಿ! ಹಂಗಾರ ನೀವೂ ನಮ್ಮಂಗ ಶುದ್ಧ ಶಾಕಾಹಾರಿ ಅನ್ರಿ. ಹೋಟೆಲ್ ಮನಿತನಾನ?”

ಭೋಜ ತಲೆ ಅಲ್ಲಾಡಿಸಿದ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ, ಪರವೂರಿನಲ್ಲಿ ಹಿರಿಯರ ಮುಂದೆ ನಿಂತಾಗ ಕತ್ತು ತಾನಾಗಿ ಆಡುವ ಆಟ. ವಿರುಪಾಕ್ಷಪ್ಪನವರು ಅದನ್ನು ಹೌದೆಂದೇ ತೆಗೆದುಕೊಂಡರು. ಅದೇ ಸಂಜೆ ಮನೆಗೆ ಕರೆದು ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಮುಂದಿನ ತಿಂಗಳು ಪಕ್ಕದಲ್ಲಿ ಕೂತು ಫ್ರೀವೇ ಮೇಲೆ ಕಾರು ಓಡಿಸಲು ಕಲಿಸಿದರು. ಸುರಕ್ಷಾ ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಓಡಿಬಂದವರೂ ಅವರೇ. ಒಂದೊಂದು ಉಪಕಾರಕ್ಕೂ ಸತ್ಯ ಹೇಳುವುದು ಒಂದೊಂದು ಗೇಣು ಕಷ್ಟವಾಗುತ್ತಾ ಹೋಯಿತು. ಕೊನೆಗೆ ಭೋಜ ಅದರ ಗೋಜಿಗೇ ಹೋಗಲಿಲ್ಲ.

ಹೊಂದಿಕೊಳ್ಳುವುದು ಅವನಿಗೆ ಹೊಸದೂ ಅಲ್ಲ. ಉಡುಪಿಯಲ್ಲಿ ಓದುವಾಗ ಬಾಡಿಗೆಗೆ ಕೋಣೆ ಕೊಟ್ಟ ಮನೆಯವರು ಮೀನು ಮಾಂಸದವರಿಗೆ ಜಾಗವಿಲ್ಲ ಎಂದಿದ್ದರು. ಶನಿವಾರ ಊರಿಗೆ ಹೋದರೆ ಸೋಮವಾರ ಕೈಗೆ ನಿಂಬೆಹಣ್ಣು ಉಜ್ಜಿಕೊಂಡು ಬರುವುದು ಆಗಲೇ ರೂಢಿಯಾಗಿತ್ತು. ಈಗ ಅವನ ಕೆಲಸ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ತೂಕದ ಯಂತ್ರಗಳನ್ನು ಸರಿಪಡಿಸುವುದು. ಒಂದು ವಸ್ತುವನ್ನು ನೂರು ಯಂತ್ರಗಳಲ್ಲಿ ಯಾವುದರ ಮೇಲೆ ಇಟ್ಟರೂ ಒಂದೇ ತೂಕ ಬರಬೇಕು. ಭೋಜ ಆ ಕೆಲಸದಲ್ಲಿ ಬಹಳ ನಿಪುಣ.

ಮನೆಯಲ್ಲಿ ಮೀನು ಬಿಡಲಾದೀತೇ? ಬಿಡಲಿಲ್ಲ. ಭಾನುವಾರ ಕಿಟಕಿಗಳೆಲ್ಲ ಮುಚ್ಚಿ, ಬಾಗಿಲ ಬುಡಕ್ಕೆ ಒದ್ದೆ ಟವೆಲು ತುರುಕಿ, ಫ್ಯಾನು ಹಾಕಿ, ಗರಾಜಿನಲ್ಲಿ ಕರೆಂಟಿನ ಒಲೆಯ ಮೇಲೆ ಬಂಗುಡೆ ಹುರಿಯುತ್ತಿದ್ದರು. ಆಮೇಲೆ ಕರ್ಪೂರ ಹಚ್ಚುತ್ತಿದ್ದರು. ಮನೆಯ ಹಿಂದಿನ ಲಗೂನ್ ಎಂಬ ಹಿನ್ನೀರಿನ ದಂಡೆಯ ದಾರಿಯಲ್ಲಿ ಕನ್ನಡದವರು ಯಾರಾದರೂ ವಾಕಿಂಗು ಬಂದರೇ ಎಂದು ಜಲಜಾ ಪರದೆ ಸರಿಸಿ ಇಣುಕುವಳು. ಮೀನು ಹುರಿಯುವವರೋ, ಕಳ್ಳನೋಟು ಅಚ್ಚು ಹಾಕುವವರೋ ಎಂದು ಯಾರಿಗಾದರೂ ಅನುಮಾನ ಬರಬೇಕು!

ಸುರಕ್ಷಾಳಿಗೆ ಐದು ವರ್ಷವಾಗಿದ್ದಾಗ ವಿರುಪಾಕ್ಷಪ್ಪನವರ ಡ್ಯಾನ್‌ವಿಲ್‌ನ ಮನೆಯಲ್ಲಿ ಎಲ್ಲರ ನಡುವೆ ನಿಂತು, ನಿನ್ನೆ ನಾನು ಮೀನಿನ ತಲೆ ತಿಂದೆ ಎಂದು ಹೆಮ್ಮೆಯಿಂದ ಸಾರಿದ್ದಳು. ಜಲಜಾ ನಗುತ್ತಾ, “ಮೀನಿನ ಆಕಾರದ ಬಿಸ್ಕತ್ತು ಬರ್ತದಲ್ಲ, ಅದು” ಎಂದು ತೇಲಿಸಿದಳು. ಎಲ್ಲರೂ ನಕ್ಕರು. ಬರುವಾಗ ಕಾರಿನಲ್ಲಿ ಭೋಜ ಮಗುವಿಗೆ ಮೆಲ್ಲಗೆ, “ಅದೆಲ್ಲ ಹೊರಗೆ ಹೇಳುದಲ್ಲ, ಆಯ್ತಾ ಪುಟ್ಟಿ” ಎಂದ. ಮಗು ಯಾಕೆ ಎಂದು ಕೇಳಲಿಲ್ಲ. ಜಾಣ ಮಗು.

ಹೀಗೇ ಕಳೆದುಹೋಗಬಹುದಿತ್ತು. ಕೆಡಿಸಿದವನು ಸಲೀಮ. ಮೈಸೂರಿನವನು, ಭೋಜನ ಕಂಪನಿಯಲ್ಲೇ ಎಲೆಕ್ಟ್ರಿಷಿಯನ್, ಗಾಳದ ಹುಚ್ಚ. ಎರಡು ವರ್ಷದ ಹಿಂದೆ ಜನವರಿಯ ಒಂದು ಬೆಳಿಗ್ಗೆ ಅವನು ಭೋಜನನ್ನು ಎಳೆದುಕೊಂಡು ರಿಚ್ಮಂಡಿನ ಬಂಡೆದಂಡೆಗೆ ಹೋದ. ಅಲ್ಲಿ ಭೋಜ ಕಂಡದ್ದನ್ನು ಏನೆಂದು ಹೇಳಲಿ! ಹೆರಿಂಗ್ ಎಂಬ ಮೀನು, ನಮ್ಮ ಬೂತಾಯಿಯ ದಾಯಾದಿ, ಕಡಲಿನಿಂದ ಲಕ್ಷಗಟ್ಟಲೆ ಒಳನುಗ್ಗಿ ಕೊಲ್ಲಿಯ ಅಂಚಿನಲ್ಲಿ ಮೊಟ್ಟೆಯಿಡುವ ಹೊತ್ತು. ಚಳಿಗಾಲದಲ್ಲಿ ಹಾಗಾಗುವುದು ಕೆಲವೇ ಸಲ, ಇರುವುದು ಕೆಲವೇ ಗಂಟೆ. ನೀರು ಮಜ್ಜಿಗೆಯಷ್ಟು ಬೆಳ್ಳಗಾಗಿತ್ತು. ಮೇಲೆ ಸಾವಿರ ಹಕ್ಕಿಗಳ ಗಲಾಟೆ, ಕೆಳಗೆ ಕಡಲಸಿಂಹಗಳ ಬೊಗಳಾಟ, ದಂಡೆಯ ಉದ್ದಕ್ಕೂ ಚೀನಾ, ಫಿಲಿಪೀನ್ಸ್, ಮೆಕ್ಸಿಕೋ ಕಡೆಯ ಜನ ಬೀಸುಬಲೆ ಎಸೆಯುತ್ತಿದ್ದರು. ಭೋಜನ ಎರಡು ಕೈಗಳೂ ತಾವಾಗಿ ಬೀಸುವ ಭಂಗಿಗೆ ಎದ್ದವು. ಹದಿನಾಲ್ಕರ ಹುಡುಗನಾಗಿದ್ದಾಗ ಶಾಂಭವಿಯ ಮೊಣಕಾಲು ನೀರಿನಲ್ಲಿ ಅಪ್ಪ ಕಲಿಸಿದ್ದ ಬೀಸು ಅದು. ನಲವತ್ತು ವರ್ಷ ತನ್ನ ಕೈಗಳು ಸುಮ್ಮನೆ ಕಾದು ಕೂತಿದ್ದವು ಎಂದು ಅವನಿಗೆ ಅಂದು ಗೊತ್ತಾಯಿತು.

ಮರುದಿನವೇ ನೈಲಾನ್ ದಾರ ತಂದ. ಬಿದಿರಿನ ಸೂಜಿ ಕೆತ್ತಿದ. ಅಂಗಡಿಯಲ್ಲಿ ಸಿದ್ಧ ಬಲೆ ಸಿಗುತ್ತಿತ್ತು, ಬೇಡವೆಂದ. ಸಂಜೆ ಆಫೀಸಿನಿಂದ ಬಂದು ಗರಾಜಿನಲ್ಲಿ ಕೂತು ಒಂದೊಂದೇ ಕಣ್ಣು ಹೆಣೆದ. ಒಂದು ವರ್ಷ ಹಿಡಿಯಿತು. ಅಂಚಿಗೆ ಸೀಸದ ಗುಂಡು ಪೋಣಿಸಿ ಎತ್ತಿ ನೋಡಿದರೆ ಅಪ್ಪನ ಬಲೆಯದೇ ಭಾರ. ಭೋಜ ಒಬ್ಬನೇ ನಿಂತು ಮಗುವಿನ ಹಾಗೆ ಅತ್ತುಬಿಟ್ಟ.

ಆದರೆ ಎಸೆಯಲಿಲ್ಲ! ಹೋದ ಚಳಿಗಾಲ ಸಲೀಮ ಮೂರು ಸಲ ಕರೆದ. ಮೀನು ಹಿಡಿಯುವ ಲೈಸೆನ್ಸನ್ನೂ ಮಾಡಿಸಿಕೊಟ್ಟ. ಮೂರು ಸಲವೂ ಭೋಜನಿಗೆ ಬೆನ್ನುನೋವು. ವಾರಾಂತ್ಯ ಆ ದಂಡೆಗೆ ನಮ್ಮವರೂ ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಬರುತ್ತಾರೆ. ಯಾರಾದರೂ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರೆ? ಬಲೆ ಗೋಣಿಚೀಲದೊಳಗೆ ಸೇರಿ ಕಾರಿನ ಡಿಕ್ಕಿಯಲ್ಲಿ ಮಲಗಿತು.

ಈ ವರ್ಷದ ಜನವರಿಯಲ್ಲಿ, ಸಂಕ್ರಾಂತಿಗೆ ಮುಂಚೆ, ಸುರಕ್ಷಾ ನೋಟ್‌ಪುಸ್ತಕ ಹಿಡಿದು ಅಪ್ಪನ ಎದುರು ಕೂತಳು.

“ಪಪ್ಪ, ಐ ನೀಡ್ ಟೆನ್ ಮಿನಿಟ್ಸ್. ಇಂಟರ್‌ವ್ಯೂ. ಸ್ಕೂಲಿಗೆ.”

ಅವಳ ಇಂಗ್ಲಿಷ್ ಕ್ಲಾಸಿನಲ್ಲಿ ಟ್ರಾನ್ಸೆಂಡೆಂಟಲಿಸಮ್ ನಡೆಯುತ್ತಿತ್ತು. ಭೋಜ ಆ ಪದವನ್ನು ಮೂರು ಸಲ ಹೇಳಲು ನೋಡಿ ಕೈಬಿಟ್ಟ. ಮಗಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದಳು. ಇನ್ನೂರು ವರ್ಷದ ಹಿಂದೆ ಮ್ಯಾಸಚೂಸೆಟ್ಸ್ ಕಡೆ ಕೆಲವು ಜನ ಇದ್ದರಂತೆ. ನಮ್ಮ ದೇಶದ ಹಳೆಯ ಗ್ರಂಥಗಳನ್ನೂ ಓದಿದವರಂತೆ. ಸತ್ಯ ಚರ್ಚಿನಲ್ಲಿ, ಊರಿನವರ ಬಾಯಲ್ಲಿ ಇಲ್ಲ, ಪ್ರತಿಯೊಬ್ಬನ ಒಳಗೇ ಒಂದು ದನಿಯಾಗಿ ಇದೆ ಎಂದರಂತೆ. ಸಮಾಜಕ್ಕೆ ಎಲ್ಲರೂ ಒಂದೇ ಥರ ಇದ್ದರೆ ಅನುಕೂಲ. ಅದಕ್ಕೇ ಅದು ಆ ದನಿಯನ್ನು ಅಡಗಿಸುತ್ತದೆ. ನಿನ್ನನ್ನು ನೀನು ನಂಬು, ಉಳಿದವರು ಏನೆಂದರೂ ಸರಿ. ಇಷ್ಟು ಸಾರಾಂಶ.

“ದನಿ ಕೇಳುದು ಹೇಗೆ?” ಭೋಜ ಕೇಳಿದ.

“ಇಟ್ಸ್ ವೆರಿ ಕ್ವಯಟ್, ಪಪ್ಪ. ಜನ ಜಾಸ್ತಿ ಇದ್ರೆ ಕೇಳಲ್ಲ.” ಆಮೇಲೆ ಪೆನ್ನು ಸರಿಮಾಡಿಕೊಂಡು ಪ್ರಶ್ನೆ ಕೇಳಿದಳು. ಎಲ್ಲರೂ ಬೇಡ ಎಂದಾಗಲೂ ನೀನು ಸರಿಯೆಂದು ನಂಬಿ ಮಾಡಿದ ಒಂದು ಕೆಲಸ ಯಾವುದು?

ಭೋಜ ತಲೆ ಕೆರೆದುಕೊಂಡ. ಚಾವಣಿ ನೋಡಿದ. ಕೊನೆಗೆ, “ಮಮ್ಮಿಯನ್ನು ಕೇಳು” ಎಂದ.

ಎರಡು ದಿನ ಬಿಟ್ಟು ಊಟದ ಮೇಜಿನ ಮೇಲೆ ಅವಳ ಬರಹದ ಹಾಳೆ ಬಿದ್ದಿತ್ತು. ಓದಬಾರದಿತ್ತು, ಓದಿದ. ‘ನನಗೆ ಗೊತ್ತಿರುವವರಲ್ಲಿ ನನ್ನ ಅಪ್ಪನೇ ಅತ್ಯಂತ ಒಳ್ಳೆಯವನು. ಅವನೆಂದರೆ ಎಲ್ಲರಿಗೂ ಇಷ್ಟ. ಎಲ್ಲರೂ ಬೇಡವೆಂದರೂ ಸರಿಯೆಂದು ನಂಬಿ ಏನು ಮಾಡಿದ್ದೀಯ ಎಂದು ಕೇಳಿದೆ. ಅಮ್ಮನನ್ನು ಕೇಳು ಎಂದ. ಐದು ವರ್ಷದವಳಿದ್ದಾಗ ಏನನ್ನು ಹೇಳಬಾರದು ಎಂದು ಅವನು ನನಗೆ ಕಲಿಸಿದ. ಜನರಿಗೆ ಇಷ್ಟವಾಗುವುದು ಹೇಗೆಂದು ಅವನಿಂದ ಕಲಿತಿದ್ದೇನೆ. ಬೇರೆ ಏನಾದರೂ ಕಲಿಯಲು ನನಗೆ ಆಸೆ.’ ಕೆಳಗೆ ಪೆನ್ಸಿಲಿನಲ್ಲಿ, ‘ಮುಕ್ತಾಯ ಇನ್ನೂ ಬರೆಯಬೇಕು. ಸೋಮವಾರ ಕೊಡಬೇಕು’ ಎಂದಿತ್ತು.

ಭೋಜ ಹಾಳೆಯನ್ನು ಇದ್ದಲ್ಲೇ ಇಟ್ಟ. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಐವತ್ತನಾಲ್ಕು ವರ್ಷ ಬದುಕಿ ಒಬ್ಬಳೇ ಮಗಳಿಗೆ ಕೊಟ್ಟದ್ದು ಇದನ್ನೇನಾ? ಸಿಟ್ಟು ಬಂತು, ಮಗಳ ಮೇಲಲ್ಲ.

ಆ ಶನಿವಾರ ಡ್ಯಾನ್‌ವಿಲ್‌ನ ಶಾಲೆಯೊಂದರ ಹಾಲಿನಲ್ಲಿ ಸಂಕ್ರಾಂತಿ. ಭೋಜ ಪಂಚೆ, ರೇಷ್ಮೆ ಜುಬ್ಬಾ, ಜಲಜಾ ಹಸಿರು ಸೀರೆ, ಸುರಕ್ಷಾ ಲಂಗ ದಾವಣಿ. ಪಾತ್ರೆಯ ತುಂಬ ಸನ್ನಿವೇಲಿನ ಸಾಂಬಾರು. ಇನ್ನೂರು ಜನ ಸೇರಿದ್ದರು. ಎಳ್ಳು ಬೆಲ್ಲ ಹಂಚಿದ್ದಾಯಿತು, ಪುಟ್ಟ ಮಕ್ಕಳ ಕೋಲಾಟವಾಯಿತು. ವಿರುಪಾಕ್ಷಪ್ಪನವರು ವೇದಿಕೆ ಹತ್ತಿ ಮೈಕು ತಟ್ಟಿದರು.

“ಇವತ್ತ ಒಂದು ಗುಟ್ಟಿನ ಕಾರ್ಯಕ್ರಮ ಐತಿ. ಇಪ್ಪತ್ತು ವರ್ಷ ಆತು, ಒಂದು ಹಬ್ಬಾನೂ ತಪ್ಪಸದಂಗ, ಬಾಯಿ ಬಿಟ್ಟು ಒಂದು ಮಾತು ಆಡದಂಗ, ನಮಗೆಲ್ಲಾ ತಮ್ಮ ಕೈಯಾರೆ ಸಾಂಬಾರ್ ಮಾಡಿ ಉಣಿಸಿದ ನಮ್ಮ ಭೋಜಣ್ಣಗ ಇವತ್ತ ಸನ್ಮಾನ!”

ಇಡೀ ಹಾಲ್ ಚಪ್ಪಾಳೆಯಿಂದ ನಡುಗಿತು. ಯಾರೋ ತೋಳು ಹಿಡಿದು ವೇದಿಕೆಗೆ ಹತ್ತಿಸಿದರು. ಏಲಕ್ಕಿ ಹಾರ ಬಿತ್ತು, ಜರಿ ಅಂಚಿನ ಶಾಲು ಹೊದಿಸಿದರು, ಫಲಕದ ಮೇಲೆ ಚಿನ್ನದ ಅಕ್ಷರದಲ್ಲಿ ‘ಸಾಂಬಾರು ಸೇವೆ’ ಎಂದು ಬರೆಸಿದ್ದರು. ಮಾಡದ ಸಾಂಬಾರಿಗೆ! ಮುಂದಿನ ಸಾಲಿನಲ್ಲಿ ಜಲಜಾ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಸುರಕ್ಷಾ ಚಪ್ಪಾಳೆ ತಟ್ಟುತ್ತಿರಲಿಲ್ಲ. ನೆಲ ನೋಡಿ ನಗುತ್ತಿದ್ದಳು. ಅದು ಭೋಜನದೇ ನಗು.

“ಎರಡು ಮಾತು ಆಡ್ರಿ ಭೋಜಣ್ಣಾ” ಎಂದು ವಿರುಪಾಕ್ಷಪ್ಪನವರು ಮೈಕು ಕೊಟ್ಟರು.

ಆಗಲೇ ಜುಬ್ಬಾದ ಜೇಬಿನಲ್ಲಿ ಫೋನು ಗುರ್ರೆಂದಿತು. ಮೈಕಿಗೆ ಕೈ ಚಾಚುತ್ತಲೇ ಭೋಜ ಓರೆಗಣ್ಣಲ್ಲಿ ನೋಡಿದ. ಸಲೀಮನ ಮೆಸೇಜು. ‘ಅಣ್ಣಾ ಬಂತು!! ರಿಚ್ಮಂಡು. ದಂಡೆ ಪೂರ್ತಿ ಬೆಳ್ಳಗಿದೆ. ಇವತ್ತು ಬಿಟ್ರೆ ಈ ವರ್ಷ ಇಲ್ಲ. ಬೆನ್ನುನೋವು ಅಂದ್ರೆ ನಾನೇ ಬಂದು ಬೆನ್ನು ಮುರೀತೀನಿ.’

ಇನ್ನೂರು ಮುಖಗಳು ಅವನನ್ನೇ ನೋಡುತ್ತಿದ್ದವು. ಒಂದು ಧನ್ಯವಾದ ಹೇಳಿ ಇಳಿದರೆ ಮುಗಿಯಿತು. ಕತ್ತು ಆಗಲೇ ಹಳೆಯ ಆಟಕ್ಕೆ ಸಿದ್ಧವಾಗಿತ್ತು. ಜನ ಜಾಸ್ತಿ ಇದ್ದರೆ ಕೇಳುವುದಿಲ್ಲ ಎಂದಿದ್ದಳಲ್ಲ ಮಗಳು, ಅದು ತಪ್ಪು. ಭೋಜನಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಒಳದನಿ ಹೇಳಿದ್ದು ಇಷ್ಟೇ: ಈಗ.

“ನನಗೆ ಸಾಂಬಾರು ಮಾಡ್ಲಿಕ್ಕೆ ಬರುದಿಲ್ಲ” ಎಂದ ಭೋಜ.

ಜನ ನಕ್ಕರು. ಎಂಥ ವಿನಯ!

“ನಗ್ಬೇಡಿ, ಸತ್ಯ ಹೇಳ್ತಾ ಇದ್ದೇನೆ. ಇಪ್ಪತ್ತು ವರ್ಷ ನೀವು ಉಂಡದ್ದು ಹೋಟೆಲಿನ ಸಾಂಬಾರು. ನಾನು ಉಡುಪಿ ಪೇಟೆಯವ ಅಲ್ಲ, ಹೆಜಮಾಡಿಯವ. ನಮ್ಮದು ಮೊಗವೀರರ ಮನೆ, ಮೀನು ಹಿಡಿಯುವವರು. ನಾನು ಮೀನು ತಿಂತೇನೆ. ಹುಟ್ಟಿದಾಗಿನಿಂದ ತಿಂತೇನೆ. ವಿರುಪಾಕ್ಷಪ್ಪನವರು ಆ ದಿನ ಕೇಳಿದಾಗ ಹೇಳ್ಬೇಕಿತ್ತು, ಹೇಳ್ಲಿಲ್ಲ. ಯಾರೂ ನನ್ನ ಬಾಯಿ ಕಟ್ಟಿರ್ಲಿಲ್ಲ, ನಾನೇ ಕಟ್ಟಿಕೊಂಡೆ. ನನ್ನ ಮಗಳ ಬಾಯಿಯನ್ನೂ ಕಟ್ಟಿದೆ. ಅದು ದೊಡ್ಡ ತಪ್ಪು. ಈಗ ರಿಚ್ಮಂಡಿನಲ್ಲಿ ಮೀನು ಬಂದಿದೆ, ನನ್ನ ಬಲೆ ಕಾರಲ್ಲಿ ಉಂಟು, ನಾನು ಹೋಗ್ಬೇಕು. ಸಾಂಬಾರು ಬಿಸಿ ಉಂಟು, ಊಟ ಮಾಡಿ.”

ಫಲಕವನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು ವೇದಿಕೆ ಇಳಿದ. ಬಾಗಿಲ ಹತ್ತಿರ ಜಲಜಾ ಅಡ್ಡ ಬಂದಳು, ಮುಖ ಕೆಂಪಾಗಿತ್ತು.

“ಎಂತ ಮಾಡಿದ್ದು ನೀವು? ನೀವು ಹೋಗಿ ಬಲೆ ಬೀಸ್ತೀರಿ, ಇಲ್ಲಿ ಇವರಿಗೆ ಮುಖ ತೋರಿಸುವುದು ಯಾರು?”

“ನೀನೂ ಬಾ ಮಾರಾಯ್ತಿ.”

ಜಲಜಾ ಹಿಂದೆ ತಿರುಗಿ ಕೂತಿದ್ದ ಜನರನ್ನು ನೋಡಿದಳು, ಪಾತ್ರೆ ನೋಡಿದಳು. “ಬಡಿಸ್ಲಿಕ್ಕೆ ಒಬ್ಬರು ಬೇಡ್ವಾ? ಹೋಗಿ ನೀವು. ಬೇಗ ಹೋಗಿ, ನನಗೆ ಮನಸ್ಸು ಬದಲಾಗುವ ಮೊದ್ಲು” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿಯಲು ಹೊರಟಳು. ಈ ಕಥೆಯಲ್ಲಿ ಧೈರ್ಯದ ಲೆಕ್ಕ ತೆಗೆಯುವುದಾದರೆ ಜಲಜಾಳ ಪಾಲು ಕಡಿಮೆಯೇನಲ್ಲ.

ಭೋಜ ಕಾರಿಗೆ ಕೀಲಿ ಹಾಕುವಷ್ಟರಲ್ಲಿ, ಲಂಗ ಎತ್ತಿ ಹಿಡಿದು ಸುರಕ್ಷಾ ಓಡಿ ಬಂದಳು. “ವೆಯ್ಟ್! ಪಪ್ಪ, ವೆಯ್ಟ್!” ಬಾಗಿಲು ತೆಗೆದು ಒಳಗೆ ಬಿದ್ದಳು. ಬೆಲ್ಟು ಹಾಕಲೂ ಕೈ ಓಡುತ್ತಿರಲಿಲ್ಲ. “ಓ ಮೈ ಗಾಡ್, ಪಪ್ಪ! ಮೈಕಲ್ಲಿ! ಎಲ್ಲರ ಮುಂದೆ!”

ಆರುನೂರ ಎಂಬತ್ತನೆಯ ಫ್ರೀವೇ, ಇಪ್ಪತ್ತನಾಲ್ಕನೆಯದು, ಸುರಂಗ, ಐನೂರ ಎಂಬತ್ತನೆಯದು. ಎಂದೂ ಅರವತ್ತೈದು ಮೈಲು ದಾಟದ ಭೋಜ ಅಂದು ಎಪ್ಪತ್ತಕ್ಕೆ ಹೋದ. ಅವನ ಮಟ್ಟಿಗೆ ಅದೇ ಕ್ರಾಂತಿ. ದಾರಿಯುದ್ದಕ್ಕೂ ಅವನು ಮಾತಾಡಿದ್ದೇ ಮಾತಾಡಿದ್ದು. ಅಪ್ಪ ನೀರಿನ ಬಣ್ಣ ನೋಡಿಯೇ ಯಾವ ಮೀನೆಂದು ಹೇಳುತ್ತಿದ್ದದ್ದು, ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕೆಂಬುದು, ಮೊದಲ ಸಲ ಬೀಸಿದಾಗ ತಾನೂ ಬಲೆಯೊಂದಿಗೆ ನೀರಿಗೆ ಹಾರಿದ್ದು. ಹದಿನಾರು ವರ್ಷದಲ್ಲಿ ಈ ಅಪ್ಪನನ್ನು ನೋಡಿಯೇ ಇಲ್ಲದ ಮಗಳು ಬಾಯಿ ತೆರೆದು ಕೇಳುತ್ತಿದ್ದಳು.

ದಂಡೆಗೆ ಇಳಿದರೆ, ಅಯ್ಯೋ, ಏನು ಸಂತೆ! ಹಕ್ಕಿಗಳ ಕಿರುಚಾಟದಲ್ಲಿ ಪಕ್ಕದವರ ಮಾತು ಕೇಳದು. ಬಂಡೆಗಳ ಬುಡದಲ್ಲಿ ನೀರು ಹಾಲು ಹಾಲು. ಸಲೀಮ ಎರಡು ಬಕೆಟ್ ಹಿಡಿದು ಕುಣಿಯುತ್ತಾ ನಿಂತಿದ್ದ. ರೇಷ್ಮೆ ಜುಬ್ಬಾ, ಕುತ್ತಿಗೆಯಲ್ಲಿ ಏಲಕ್ಕಿ ಹಾರ, ಹೆಗಲಲ್ಲಿ ಗೋಣಿಚೀಲ ಹೊತ್ತು ಬರುತ್ತಿದ್ದ ಭೋಜನನ್ನು ನೋಡಿ, “ಏನಣ್ಣ, ಮೀನಿನ ಮದುವೆಗೆ ಬಂದ್ರಾ?” ಎಂದ.

ಭೋಜ ಹಾರ ತೆಗೆದು ಮಗಳ ಕೈಗೆ ಕೊಟ್ಟ. ಪಂಚೆ ಎತ್ತಿ ಕಟ್ಟಿದ. ಸನ್ಮಾನದ ಶಾಲನ್ನು ತಲೆಗೆ ಮುಂಡಾಸು ಸುತ್ತಿದ. ಚೀಲದಿಂದ ಬಲೆ ತೆಗೆದು, ಒಂದು ಮಡಿಕೆ ಮೊಣಕೈಗೆ, ಒಂದು ಬೆರಳಿಗೆ, ಅಂಚು ಹಲ್ಲಿಗೆ. ಸೊಂಟ ತಿರುಗಿಸಿ ಬೀಸಿದ. ಬಲೆ ಒದ್ದೆ ಟವೆಲಿನಂತೆ ಮುದ್ದೆಯಾಗಿ ಚಪ್ಪೆಂದು ಬಿತ್ತು. ಪಕ್ಕದ ಬಂಡೆಯ ಮೇಲಿದ್ದ ಮುದುಕರೊಬ್ಬರು ಮುಖ ತಿರುಗಿಸಿ ನಕ್ಕರು. ಯಾರೋ ಫೋನೆತ್ತಿ ವಿಡಿಯೋ ಮಾಡುತ್ತಿದ್ದರು. ಒಂದು ಕ್ಷಣ ಭೋಜನಿಗೆ ಹಳೆಯ ಬೆನ್ನುನೋವು ಬಂದೇಬಿಟ್ಟಿತು ಅನ್ನಿಸಿತು.

“ಪಪ್ಪ, ಅವರನ್ನ ನೋಡ್ಬೇಡ. ನೀರು ನೋಡು” ಎಂದಳು ಸುರಕ್ಷಾ.

ಎಳೆದುಕೊಂಡ. ಕೊಡವಿದ. ಮತ್ತೆ ಮಡಿಸಿದ. ಈ ಸಲ ಯೋಚಿಸಲಿಲ್ಲ, ಕೈಗಳಿಗೇ ಬಿಟ್ಟುಕೊಟ್ಟ. ಬೀಸಿದ! ಬಲೆ ಗಾಳಿಯಲ್ಲಿ ಪೂರ್ತಿ ತೆರೆದುಕೊಂಡಿತು, ದೊಡ್ಡ ರೊಟ್ಟಿಯಷ್ಟು ದುಂಡಗೆ, ಒಂದು ಕಣ್ಣೂ ಸುಕ್ಕಿಲ್ಲದೆ. ಸೀಸದ ಗುಂಡುಗಳು ಒಟ್ಟಿಗೆ ನೀರು ಮುಟ್ಟಿದ ಸದ್ದಿಗೆ ಭೋಜನ ಮೈಯೆಲ್ಲ ಜುಮ್ಮೆಂದಿತು. ಹಗ್ಗ ಎಳೆದರೆ ಬರುತ್ತಿಲ್ಲ! ಸಲೀಮ ಓಡಿ ಬಂದ, ಸುರಕ್ಷಾ ಲಂಗವನ್ನು ಮರೆತು ನೀರಿಗಿಳಿದಳು. ಮೂವರೂ ಎಳೆದರು. ಬೆಳ್ಳಿಬೆಳ್ಳಿ ಮೀನು ಬಂಡೆಯ ಮೇಲೆ ಚಟಪಟ ಕುಣಿಯುತ್ತಿದ್ದವು. ಭೋಜ ಗಂಟಲು ಹರಿಯುವಂತೆ ಕೂಗಿದ. ಏನು ಕೂಗಿದನೋ ಅವನಿಗೇ ನೆನಪಿಲ್ಲ, ತುಳುವಿನಲ್ಲಿತ್ತು ಎಂಬುದಷ್ಟೇ ನೆನಪು. ನಕ್ಕಿದ್ದ ಮುದುಕರು ಹೆಬ್ಬೆರಳೆತ್ತಿ ತೋರಿಸಿದರು.

ಎರಡನೆಯ ಬಕೆಟ್ಟು ಅರ್ಧ ತುಂಬಿದಾಗ ಫೋನು ಬಂತು. ಭೋಜನ ಕೈ ತುಂಬ ಮೀನಿನ ಹೊಳಪು, ಸುರಕ್ಷಾ ಎತ್ತಿ ಸ್ಪೀಕರಿಗೆ ಹಾಕಿದಳು. ವಿರುಪಾಕ್ಷಪ್ಪನವರು.

“ಭೋಜಣ್ಣಾ. ನಾ ಹುಟ್ಟಿದಾಗಿಂದ ಮೀನ ಮುಟ್ಟಿಲ್ಲ, ಇನ್ನ ಮುಂದೂ ಮುಟ್ಟೂದಿಲ್ಲ. ಅದು ನನ್ನ ಮಾತು. ಆದ್ರ ಇಪ್ಪತ್ತನಾಕು ವರ್ಷ ನನ್ನ ಮನ್ಯಾಗ ಕುಂತು ಉಂಡು, ನನಗೊಂದು ಮಾತು ಹೇಳಲಿಲ್ಲಲ್ರೀ. ನಾ ಅಂಥಾವ ಅಂತ ತಿಳಕೊಂಡಿದ್ರೇನು?”

“ತಪ್ಪಾಯ್ತು” ಎಂದ ಭೋಜ. “ನೀವು ಎಂಥವರು ಅಂತ ನೋಡ್ಲಿಕ್ಕೆ ನಾನು ಅವಕಾಶವೇ ಕೊಡ್ಲಿಲ್ಲ. ಹೆದರಿದೆ.”

“ಬ್ಯಾಸರ ಆಗೇತಿ ನನಗ. ಸುಳ್ಳ ಹೇಳೂದಿಲ್ಲ. ಇಲ್ಲಿ ನಾಕೈದ ಮಂದಿ ಊಟ ಬಿಟ್ಟು ಎದ್ದು ಹೋದ್ರು, ಅದನ್ನೂ ಹೇಳ್ತೀನಿ. ಉಳದವರು ನಿಮ್ಮ ಮನಿಯವರ ಕಡೆ ಆ ಹೋಟೆಲಿನ ನಂಬರ್ ಬರಕೊಳ್ಳಾಕತ್ತಾರ.” ಅವರು ಕೆಮ್ಮಿದರು. ನಗು ನುಂಗಿದರೋ ಏನೋ. “ಯುಗಾದಿ ಲಿಸ್ಟಿನಾಗ ನಿಮ್ಮ ಹೆಸರಿನ ಮುಂದ ಜಾಗಾ ಖಾಲಿ ಬಿಟ್ಟಿರ್ತೀನಿ. ಖರೇನ ನಿಮಗ ಏನು ಮಾಡಾಕ ಬರ್ತೈತಿ, ಅದನ್ನ ನೀವ ಬರೀರಿ. ಮೀನ ಮಾತ್ರ ಬ್ಯಾಡ್ರಿ ಮತ್ತ, ಹಾಲ್ ಕೊಟ್ಟವರು ಒಪ್ಪೂದಿಲ್ಲ.”

ಭೋಜ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟ. ತನಗೆ ಖರೇ ಏನು ಮಾಡಲು ಬರುತ್ತದೆ ಎಂದು ಯಾರೂ ಈವರೆಗೆ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಕಣ್ಣು ಒರೆಸಲು ಹೋಗಿ ಮುಖಕ್ಕೆಲ್ಲ ಮೀನಿನ ಹುರುಪೆ ಮೆತ್ತಿಕೊಂಡ. ಹೊಟ್ಟೆತುಂಬ ಖುಷಿಯಾಗಿತ್ತು, ನಿಜ ಹೇಳಬೇಕೆಂದರೆ ಹೆದರಿಕೆಯೂ ಪೂರ್ತಿ ಹೋಗಿರಲಿಲ್ಲ.

ದಂಡೆಯ ದಾರಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹುಡುಗ ಹುಡುಗಿ ಇಬ್ಬರು ನಿಂತರು. ಹೊಸದಾಗಿ ಬಂದವರಿರಬೇಕು, ಕೋಟಿನ ಮಡಿಕೆ ಇನ್ನೂ ಹೋಗಿರಲಿಲ್ಲ. ಮುಂಡಾಸು, ಎತ್ತಿಕಟ್ಟಿದ ಪಂಚೆ, ಬಲೆ ಎಲ್ಲವನ್ನೂ ಕಣ್ಣರಳಿಸಿ ನೋಡಿ ಹುಡುಗ ಕೇಳಿದ.

“ಕನ್ನಡದವರಾ ಸರ್? ಯಾವೂರು ನಿಮ್ದು?”

ಭೋಜ ಬಾಯಿ ತೆರೆದ. ಅವನಿಗಿಂತ ಮೊದಲು, ಮೊಣಕಾಲವರೆಗೆ ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ಏಲಕ್ಕಿ ಹಾರ, ಇನ್ನೊಂದರಲ್ಲಿ ಒದ್ದಾಡುವ ಮೀನು ಹಿಡಿದಿದ್ದ ಸುರಕ್ಷಾ ಉತ್ತರ ಕೊಟ್ಟಳು. ಹೊರಗಿನವರು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಒಂದೊಂದೇ ಪದ ಹುಡುಕಿ, ಎಲ್ಲರಿಗೂ ಕೇಳುವಂತೆ ಜೋರಾಗಿ ಹೇಳಿದಳು.

“ಹೆಜಮಾಡಿ. ನಾವು ಮೀನು ಹಿಡಿಯೋರು.”

ಭೋಜ ಎದ್ದು ನಿಂತು ಬಲೆಯನ್ನು ಮತ್ತೆ ಮೊಣಕೈಗೆ ಏರಿಸಿಕೊಂಡ.